ಪುಡಿ ಸುರಿದರೆ ಪೊಳ್ಳು ತುಂಬದು

ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿ ಹತ್ತಿರ ಭೀಮಾ ನದಿ ದಾಟಬೇಕು. ದಾರಿಯ ಎರಡೂ ಬದಿಗೆ ತೊಗರಿ, ಹತ್ತಿ, ಜೋಳದ ಎರೆಹೊಲಗಳು. ಹೊಲಗಳ ಮೇಲೆ ವಿದ್ಯುತ್ ತಂತಿಗಳು. ಇಂಥ ತಂತಿಗಳನ್ನು ಹಿಡಿದಿರುವ ಇನ್ಸುಲೇಟರುಗಳಲ್ಲಿ ಈಗ ಮುಖ್ಯವಾಗಿ ಎರಡು ಜಾತಿ. ಒಂದು ಹಳೆಯ ಪಿಂಗಾಣಿ. ಇನ್ನೊಂದು ಬೂದುಬಣ್ಣದ ಸಿಲಿಕೋನ್ ರಬ್ಬರಿನದು. ಹಗುರ, ಹುಡುಗರ ಕಲ್ಲೇಟಿಗೆ ಒಡೆಯದು. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿನ ಕರೆಂಟಿಗೆ ಕಾದು ಕೂತ ರೈತನ ರಾತ್ರಿ ನಿದ್ದೆ ಒಂದು ಮಟ್ಟಿಗೆ ಈ ರಬ್ಬರಿನ ಗುಣದ ಮೇಲೆ ನಿಂತಿದೆ.

ಆ ರಬ್ಬರಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 40ರಿಂದ 50 ಭಾಗ ರಬ್ಬರೇ ಅಲ್ಲ, ಪುಡಿ. ಅದರಲ್ಲಿ ಬಹುಪಾಲು ಅಲ್ಯೂಮಿನಾ ಟ್ರೈಹೈಡ್ರೇಟ್, ಚಿಕ್ಕದಾಗಿ ಎಟಿಎಚ್. ಜೊತೆಗೆ ಒಂದಿಷ್ಟು ನುಣುಪಾದ ಸಿಲಿಕಾ. ಉದ್ಯಮದವರು ಇವನ್ನೆಲ್ಲ ಫಿಲ್ಲರ್ ಅನ್ನುತ್ತಾರೆ.

ಈ ಪುಡಿಯ ಬಗ್ಗೆ ಬೇರೂರಿರುವ ಅಭಿಪ್ರಾಯ ಒಂದೇ, ಅದಕ್ಕೆ ಬಾಯಿ ಮಾತ್ರ ಮೂರು. ರಬ್ಬರಿನೊಳಗೆ ಖಾಲಿ ಜಾಗವಿರುತ್ತದೆ, ಪುಡಿ ಹೋಗಿ ಆ ಜಾಗದಲ್ಲಿ ಕೂರುತ್ತದೆ ಎಂಬುದೇ ಆ ಅಭಿಪ್ರಾಯ. ಮಾಲು ಇಳಿಸಿಕೊಳ್ಳುವವರ ಬಾಯಲ್ಲಿ ಇದು ದೂರಾಗಿ ಬರುತ್ತದೆ: ‘ಬರೇ ಪುಡೀನೇ ಅದರಿ, ರಬ್ಬರ್ ಎಲ್ಲದ?’ ಖರೀದಿ ಪತ್ರಗಳಲ್ಲಿ ಅದೇ ಅಭಿಪ್ರಾಯ ತೂಕದ ಶೇಕಡಾವಾರಾಗಿ ಕೂರುತ್ತದೆ. ಪುಡಿ ಇಷ್ಟು, ರಬ್ಬರ್ ಇಷ್ಟು ಎಂದು ಬರೆದರೆ ವಸ್ತುವಿನ ಜಾತಕವೇ ಸಿಕ್ಕಿತು ಎಂಬ ನೆಮ್ಮದಿ. ಕಾಲೇಜು ಪ್ರಾಜೆಕ್ಟುಗಳಲ್ಲಿ ಮತ್ತು ಜಾಹೀರಾತುಗಳಲ್ಲಿ ಅದಕ್ಕೆ ‘ನ್ಯಾನೋ’ ವೇಷ: ಕಣ ಸಣ್ಣದಾದಷ್ಟೂ ಸಂದಿಗೊಂದಿಯನ್ನೆಲ್ಲ ಹೊಕ್ಕು ಮುಚ್ಚುತ್ತದೆ, ನೀರು ಒಳಗೆ ಇಳಿಯದು, ರಬ್ಬರ್ ಗಟ್ಟಿಯಾಗುತ್ತದೆ. ಒಬ್ಬರು ಪುಡಿಯನ್ನು ಬೈಯುತ್ತಾರೆ, ಒಬ್ಬರು ಅಳೆಯುತ್ತಾರೆ, ಇನ್ನೊಬ್ಬರು ಹೊಗಳುತ್ತಾರೆ. ಮೂವರೂ ನಿಂತಿರುವುದು ಒಂದೇ ತಪ್ಪಿನ ಮೇಲೆ.

ಖಾಲಿ ಜಾಗ ಇರುವುದೇನೋ ನಿಜ. ಸಿಲಿಕೋನ್ ರಬ್ಬರಿನ ಮೂಲ ಪಾಲಿಡೈಮೀಥೈಲ್ ಸಿಲೋಕ್ಸೇನ್ ಎಂಬ ಉದ್ದ ಸರಪಳಿ. ಅದರ ಬೆನ್ನೆಲುಬಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಒಂದಾದ ಮೇಲೊಂದು ಬರುತ್ತವೆ. ಈ ಬೆನ್ನೆಲುಬು ಬಲು ಸಡಿಲ, ತಿರುಗಲು ಬಾಗಲು ಅದಕ್ಕೆ ಶ್ರಮವೇ ಇಲ್ಲ. ಅದಕ್ಕೇ ಈ ವಸ್ತು ಸೊನ್ನೆಗಿಂತ ಸುಮಾರು 125 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವವರೆಗೂ ಗಾಜಿನಂತೆ ಬಿರುಸಾಗುವುದಿಲ್ಲ. ಸರಪಳಿಗಳು ಹೀಗೆ ಹೊರಳಾಡುತ್ತಿರುವಾಗ ಅವುಗಳ ನಡುವೆ ಅಣುಮಟ್ಟದ ಪೊಳ್ಳುಗಳು ಹುಟ್ಟುತ್ತವೆ, ಮುಚ್ಚುತ್ತವೆ, ಮತ್ತೊಂದು ಕಡೆ ತೆರೆಯುತ್ತವೆ. ಈ ಪೊಳ್ಳುಗಳ ಒಟ್ಟು ಮೊತ್ತವೇ ಮುಕ್ತ ಗಾತ್ರ. ಪ್ರಯೋಗಶಾಲೆಯಲ್ಲಿ ಫ್ರೀ ವಾಲ್ಯೂಮ್ ಎಂದೇ ರೂಢಿ. ದ್ರವಗಳ ಹರಿವನ್ನು ಈ ಪೊಳ್ಳಿನ ಲೆಕ್ಕದಿಂದ ವಿವರಿಸುವ ಸೂತ್ರವನ್ನು 1951ರಲ್ಲಿ ಡೂಲಿಟಲ್ ಕೊಟ್ಟ. 1959ರಲ್ಲಿ ಕೋಹೆನ್ ಮತ್ತು ಟರ್ನ್‌ಬುಲ್ ಅದಕ್ಕೆ ಸಿದ್ಧಾಂತದ ಅಡಿಪಾಯ ಹಾಕಿದರು. ಸಿಲಿಕೋನಿನಲ್ಲಿ ಇಂಥ ಪೊಳ್ಳು ಎಷ್ಟು ಧಾರಾಳವೆಂದರೆ, ಸಹಜ ರಬ್ಬರಿಗೆ ಹೋಲಿಸಿದರೆ ಆಮ್ಲಜನಕ ಅದರೊಳಗಿಂದ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಹಾಯುತ್ತದೆ. ಕಣ್ಣಿನೊಳಗೆ ಇಡುವ ಕಾಂಟ್ಯಾಕ್ಟ್ ಲೆನ್ಸಿಗೆ ಸಿಲಿಕೋನ್ ಬೆರೆಸುವುದೂ ಇದೇ ಕಾರಣಕ್ಕೆ.

ಪ್ರಶ್ನೆ ಇರುವುದು ಆ ಪೊಳ್ಳಿನ ಅಳತೆಯಲ್ಲಿ. ಸಾಮಾನ್ಯ ಉಷ್ಣತೆಯಲ್ಲಿ ಸಿಲಿಕೋನಿನ ಸರಾಸರಿ ಪೊಳ್ಳಿನ ತ್ರಿಜ್ಯ ಸುಮಾರು 0.38 ನ್ಯಾನೋಮೀಟರ್. ಇನ್ಸುಲೇಟರಿಗೆ ಹಾಕುವ ಎಟಿಎಚ್ ಕಣದ ಅಡ್ಡಳತೆ ಒಂದರಿಂದ ಹತ್ತು ಮೈಕ್ರೋಮೀಟರ್. ಎರಡು ಮೈಕ್ರೋಮೀಟರಿನ ಒಂದು ಕಣವನ್ನು ತೆಗೆದುಕೊಂಡರೂ ಅದರ ಗಾತ್ರ ಇಂಥ ಸುಮಾರು 1,800 ಕೋಟಿ ಪೊಳ್ಳುಗಳಿಗೆ ಸಮ. ಪೊಳ್ಳನ್ನು ಒಂದು ಬಿಳಿಜೋಳದ ಕಾಳಿನಷ್ಟು ಹಿಗ್ಗಿಸಿ ನೋಡಿದರೆ, ಎಟಿಎಚ್ ಕಣ ಮೂರಂತಸ್ತಿನ ಮನೆಯಷ್ಟು ಎತ್ತರ ನಿಲ್ಲುತ್ತದೆ. ನ್ಯಾನೋ ಎಂದು ಮೆರೆಯುವ 10 ನ್ಯಾನೋಮೀಟರಿನ ಸಿಲಿಕಾ ಕಣವೂ ಅದೇ ಅಳತೆಯಲ್ಲಿ ದಪ್ಪ ನಿಂಬೆಹಣ್ಣು. ಕಾಳು ಕೂರುವ ಜಾಗಕ್ಕೆ ನಿಂಬೆಹಣ್ಣು ನುಗ್ಗಿತು ಎಂಬ ಮಾತನ್ನು ಸಂತೆಯಲ್ಲಿ ಯಾರೂ ನಂಬುವುದಿಲ್ಲ, ಸೆಮಿನಾರುಗಳಲ್ಲಿ ನಂಬುತ್ತಾರೆ.

ಹಾಗಾದರೆ ಪುಡಿ ಹಾಕಿದ ಮೇಲೆ ಮುಕ್ತ ಗಾತ್ರ ಕಡಿಮೆಯಾಯಿತು ಎಂದು ಸಾಲುಸಾಲು ಪ್ರಬಂಧಗಳು ಹೇಳುವುದು ಸುಳ್ಳೇ? ಸುಳ್ಳಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಬರೀ ಲೆಕ್ಕಪತ್ರ. ಎಟಿಎಚ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 2.42 ಗ್ರಾಂ, ಸಿಲಿಕೋನಿನದು ಒಂದಕ್ಕಿಂತ ತುಸು ಕಡಿಮೆ. ತೂಕದಲ್ಲಿ ಶೇ. 40 ಎಟಿಎಚ್ ಇದ್ದರೆ ಗಾತ್ರದಲ್ಲಿ ಅದು ಆಕ್ರಮಿಸುವುದು ಶೇ. 21 ಮಾತ್ರ. ಕಲ್ಲಿನ ಕಣದೊಳಗೆ ಸರಪಳಿಯಿಲ್ಲ, ಸರಪಳಿಯಿಲ್ಲದ ಕಡೆ ಈ ಬಗೆಯ ಪೊಳ್ಳೂ ಇಲ್ಲ. ಹಾಗಾಗಿ ಒಂದು ಘನ ಸೆಂಟಿಮೀಟರಿನ ಒಟ್ಟು ಮುಕ್ತ ಗಾತ್ರ ಶೇ. 21 ಇಳಿಯುತ್ತದೆ. ಉಳಿದ ಶೇ. 79 ರಬ್ಬರಿನಲ್ಲಿ ಒಂದೇ ಒಂದು ಪೊಳ್ಳೂ ಕುಗ್ಗದೆ ಹಾಗೇ ಇರಬಹುದು. ‘ಫಿಲ್ಲರ್ ಮುಕ್ತ ಗಾತ್ರವನ್ನು ಇಳಿಸಿತು’ ಎಂದು ಬರೆಯುವವರು ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆಂದು ಹೇಳುವುದೇ ಇಲ್ಲ.

ಈ ಗೊಂದಲಕ್ಕೆ ಅಳತೆಯ ವಿಧಾನವೂ ತನ್ನ ಪಾಲು ಸೇರಿಸುತ್ತದೆ. ಅಣುಮಟ್ಟದ ಪೊಳ್ಳನ್ನು ಅಳೆಯಲು ಇರುವ ಅತ್ಯಂತ ನಾಜೂಕಾದ ಉಪಾಯ ಪಾಸಿಟ್ರಾನ್. ಕರ್ನಾಟಕಕ್ಕೆ ಇದು ಹೊರಗಿನ ವಿದ್ಯೆಯಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ವಿಭಾಗದ ಪ್ರೊ. ಸಿ. ರಂಗನಾಥಯ್ಯ ಮತ್ತು ಅವರ ವಿದ್ಯಾರ್ಥಿಗಳು ಪಾಲಿಮರುಗಳೊಳಗಿನ ಪೊಳ್ಳುಗಳನ್ನು ಪಾಸಿಟ್ರಾನಿನಿಂದ ವರ್ಷಗಟ್ಟಲೆ ಅಳೆದಿದ್ದಾರೆ. ಕ್ರಮ ಹೀಗಿದೆ: ಸೋಡಿಯಂ-22 ಎಂಬ ವಿಕಿರಣಶೀಲ ಮೂಲವನ್ನು ಪಾಲಿಮರಿನ ಎರಡು ತುಂಡುಗಳ ನಡುವೆ ಇಡುತ್ತಾರೆ. ಅದರಿಂದ ಪಾಸಿಟ್ರಾನ್ ಹೊರಟ ಕೂಡಲೇ ಒಂದು ಗಾಮಾ ಕಿರಣವೂ ಹೊರಡುತ್ತದೆ. ಗಡಿಯಾರ ಅಲ್ಲಿಂದ ಶುರು. ಪಾಲಿಮರಿನೊಳಗೆ ಹೊಕ್ಕ ಪಾಸಿಟ್ರಾನ್ ಒಂದು ಇಲೆಕ್ಟ್ರಾನಿನ ಜೊತೆ ಕೂಡಿ ಪಾಸಿಟ್ರೋನಿಯಂ ಎಂಬ ಅಲ್ಪಾಯುಷಿ ಜೋಡಿಯಾಗಿ ಪೊಳ್ಳಿನಲ್ಲಿ ಸಿಕ್ಕಿಬೀಳುತ್ತದೆ. ಅದು ನಾಶವಾಗುವಾಗ ಬೇರೊಂದು ಶಕ್ತಿಯ ಗಾಮಾ ಕಿರಣ ಬರುತ್ತದೆ, ಗಡಿಯಾರ ನಿಲ್ಲುತ್ತದೆ. ನಿರ್ವಾತದಲ್ಲಿ 142 ನ್ಯಾನೋಸೆಕೆಂಡ್ ಬದುಕುವ ಜೋಡಿ ಅಕ್ರಿಲಿಕ್ ಗಾಜಿನಲ್ಲಿ ಸುಮಾರು 2, ಸಿಲಿಕೋನಿನಲ್ಲಿ 3ಕ್ಕೂ ಮಿಕ್ಕಿದ ನ್ಯಾನೋಸೆಕೆಂಡ್ ಬದುಕುತ್ತದೆ. ಪೊಳ್ಳು ದೊಡ್ಡದಾದಷ್ಟೂ ಆಯುಸ್ಸು ಹೆಚ್ಚು. 1972ರಲ್ಲಿ ಟಾವೋ, 1981ರಲ್ಲಿ ಎಲ್ಡ್ರಪ್ ಕಟ್ಟಿಕೊಟ್ಟ ಸೂತ್ರ ಈ ಆಯುಸ್ಸನ್ನು ತ್ರಿಜ್ಯಕ್ಕೆ ಬದಲಿಸುತ್ತದೆ.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಮುಂದಿನ ಹೆಜ್ಜೆಯದು. ಒಟ್ಟು ಮುಕ್ತ ಗಾತ್ರ ಬೇಕೆಂದಾಗ ಅನೇಕರು ಪೊಳ್ಳಿನ ಗಾತ್ರವನ್ನು ಪಾಸಿಟ್ರೋನಿಯಂ ಸಂಕೇತದ ತೀವ್ರತೆಯಿಂದ, ಆಮೇಲೆ ಒಂದು ಸ್ಥಿರಾಂಕದಿಂದ ಗುಣಿಸಿಬಿಡುತ್ತಾರೆ. ಶುದ್ಧ ಪಾಲಿಮರಿಗೆ ಇದು ಕೆಲಸಕ್ಕೆ ಬರುವ ಅಂದಾಜು. ಪುಡಿ ಬೆರೆತ ರಬ್ಬರಿನಲ್ಲಿ ಮೂಲದಿಂದ ಹೊರಟ ಪಾಸಿಟ್ರಾನುಗಳಲ್ಲಿ ಒಂದು ಪಾಲು ಪುಡಿಯೊಳಗೇ ಸಾಯುತ್ತದೆ; ಆ ಪಾಲು ಸುಮಾರಾಗಿ ಪುಡಿಯ ತೂಕಕ್ಕೆ ಅನುಗುಣ, ಗಾತ್ರಕ್ಕಲ್ಲ. ಅಂದರೆ ಶೇ. 40 ತೂಕದ ಪುಡಿ ಹಾಕಿದಾಗ ಸಂಕೇತ ಶೇ. 40ರ ಆಸುಪಾಸು ಇಳಿಯಬಹುದು, ನಿಜವಾದ ಗಾತ್ರದ ಇಳಿತ ಶೇ. 21 ಇದ್ದರೂ. ಇದನ್ನು ತಿದ್ದದೆ ಗುಣಿಸಿದವರಿಗೆ ಪೊಳ್ಳು ಕಂಡಾಪಟ್ಟೆ ತುಂಬಿಹೋದಂತೆ ಕಾಣುತ್ತದೆ. ಆಯುಸ್ಸು ಬದಲಾಗದೆ ತೀವ್ರತೆ ಮಾತ್ರ ಇಳಿದಿದ್ದರೆ ಓದುಗ ಮೊದಲು ಅನುಮಾನಿಸಬೇಕಾದ್ದು ಈ ಗುಣಾಕಾರವನ್ನು.

‘ಅದೆಲ್ಲ ಇರಲಿ, ಪುಡಿ ಹಾಕಿದರೆ ರಬ್ಬರ್ ಗಟ್ಟಿಯಾಗುವುದು ಕಣ್ಣಿಗೇ ಕಾಣುತ್ತದಲ್ಲ, ಅನಿಲವೂ ಕಡಿಮೆ ಹಾಯುತ್ತದಲ್ಲ’ ಎಂದು ವಾದಿಸುವವರಿದ್ದಾರೆ. ಎದುರು ಪಕ್ಷದ ಬಲವಾದ ವಾದ ಇದೇ. ಎರಡೂ ನಿಜ, ಎರಡಕ್ಕೂ ಮುಕ್ತ ಗಾತ್ರದ ಸಾಕ್ಷಿ ಬೇಕಿಲ್ಲ. ದ್ರವದಲ್ಲಿ ಗಟ್ಟಿ ಗೋಲಿಗಳನ್ನು ತೇಲಿಬಿಟ್ಟರೆ ಅದು ಎಷ್ಟು ಮಂದವಾಗುತ್ತದೆ ಎಂಬ ಲೆಕ್ಕವನ್ನು ಐನ್‌ಸ್ಟೈನ್ 1906ರಲ್ಲೇ ಪ್ರಕಟಿಸಿ 1911ರಲ್ಲಿ ತಿದ್ದಿದ. ಗತ್ ಮತ್ತು ಗೋಲ್ಡ್ 1930ರ ದಶಕದ ಕೊನೆಯಲ್ಲಿ ಅದನ್ನು ಮುಂದಕ್ಕೆ ಒಯ್ದರು. ಪುಡಿ ತುಂಬಿದ ರಬ್ಬರಿಗೂ ಅದನ್ನೇ ಅನ್ವಯಿಸುತ್ತಾರೆ. ಗಾತ್ರದಲ್ಲಿ ಶೇ. 21 ಪುಡಿ ಹಾಕಿದರೆ ಬಿಗಿ ಎರಡು ಪಟ್ಟಿಗಿಂತ ತುಸು ಹೆಚ್ಚಾಗಬೇಕು ಎನ್ನುತ್ತದೆ ಆ ಸೂತ್ರ. ಅದರೊಳಗೆ ಪೊಳ್ಳಿನ ಹೆಸರೇ ಇಲ್ಲ. ಗಟ್ಟಿ ಕಣಗಳು ಹಿಗ್ಗುವುದಿಲ್ಲವಾದ್ದರಿಂದ ನಡುವಿನ ರಬ್ಬರ್ ಹೆಚ್ಚು ಹಿಗ್ಗಬೇಕಾಗುತ್ತದೆ, ಅಷ್ಟೇ. ಅನಿಲದ್ದೂ ಇದೇ ಕಥೆ. 1873ರ ತನ್ನ ಗ್ರಂಥದಲ್ಲಿ ಮ್ಯಾಕ್ಸ್‌ವೆಲ್ ವಿದ್ಯುತ್ತಿಗಾಗಿ ಮಾಡಿದ ಲೆಕ್ಕವನ್ನು ಅನಿಲಕ್ಕೆ ಹಚ್ಚಿದರೆ, ಅಷ್ಟೇ ಪುಡಿಗೆ ಹಾಯುವಿಕೆ ಸುಮಾರು ಶೇ. 29 ಇಳಿಯುತ್ತದೆ. ಕಣಗಳನ್ನು ಬಳಸಿಕೊಂಡು ಹೋಗುವ ಸುತ್ತುದಾರಿಯ ಪರಿಣಾಮ ಅದು; ದಾರಿಯೊಳಗಿನ ರಬ್ಬರ್ ಹಿಂದಿದ್ದಂತೆಯೇ ಇದೆ.

ಪುಡಿ ನಿಜವಾಗಿ ಪೊಳ್ಳಿನ ಮೇಲೆ ಕೈ ಹಾಕುವ ಜಾಗ ಒಂದಿದೆ. ಅದು ಕಣದ ಮೈ. ಸಿಲಿಕಾ ಕಣದ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಸಿಲಿಕೋನ್ ಸರಪಳಿಯ ಆಮ್ಲಜನಕ ಅವಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಸರಪಳಿಗೆ ಮೊದಲಿನ ಹೊರಳಾಟವಿಲ್ಲ. ಹೊರಳಾಟವಿಲ್ಲದ ಕಡೆ ಪೊಳ್ಳು ಹುಟ್ಟುವುದೂ ಕಡಿಮೆ. ಈ ಪ್ರಭಾವ ಕಣದ ಮೈಯಿಂದ ಒಂದರಿಂದ ಕೆಲವೇ ನ್ಯಾನೋಮೀಟರ್ ದೂರದವರೆಗೆ ಮಾತ್ರ. ಇಲ್ಲಿ ಲೆಕ್ಕಕ್ಕೆ ಬರುವುದು ಪುಡಿಯ ತೂಕವೂ ಅಲ್ಲ, ಗಾತ್ರವೂ ಅಲ್ಲ, ವಿಸ್ತೀರ್ಣ. ಫ್ಯೂಮ್ಡ್ ಸಿಲಿಕಾ ಎಂಬ ನುಣುಪು ಪುಡಿಗೆ ಗ್ರಾಂಗೆ ಸುಮಾರು 200 ಚದರ ಮೀಟರ್ ಮೈ ಇರುತ್ತದೆ. ನೂರು ಗ್ರಾಂ ರಬ್ಬರಿಗೆ 30 ಗ್ರಾಂ ಬೆರೆಸಿದರೆ ಒಟ್ಟು 6,000 ಚದರ ಮೀಟರ್. ಭೂಮಿಯ ಲೆಕ್ಕದಲ್ಲಿ ಹತ್ತಿರಹತ್ತಿರ ಒಂದೂವರೆ ಎಕರೆ! ಅದೇ ನೂರು ಗ್ರಾಂ ರಬ್ಬರಿಗೆ ಎರಡು ಮೈಕ್ರೋಮೀಟರಿನ ಎಟಿಎಚ್ ನೂರು ಗ್ರಾಂ ಸುರಿದರೂ ಸಿಗುವುದು ಒಂದು ಗುಂಟೆಗಿಂತ ತುಸು ಹೆಚ್ಚು. ಎರಡು ನ್ಯಾನೋಮೀಟರ್ ದಪ್ಪದ ಪದರಕ್ಕೆ ಪ್ರಭಾವ ತಟ್ಟುತ್ತದೆ ಎಂದು ಹಿಡಿದರೆ, ಸಿಲಿಕಾ ರಬ್ಬರಿನ ಶೇ. 12ರಷ್ಟನ್ನು ಮುಟ್ಟುತ್ತದೆ, ಎಟಿಎಚ್ ಬರೀ ಕಾಲು ಶೇಕಡಾವನ್ನು. ತೂಕ ಮೂರು ಪಟ್ಟು ಹೆಚ್ಚು, ಪ್ರಭಾವ ಐವತ್ತು ಪಟ್ಟು ಕಡಿಮೆ. ತೂಕದ ಶೇಕಡಾವಾರು ನೋಡಿ ವಸ್ತುವನ್ನು ಅಳೆಯುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಮೈಯನ್ನೇ ಬದಲಿಸಿದರೆ ಫಲವೂ ಬದಲಾಗುತ್ತದೆ. ಬರಿಯ ಸಿಲಿಕಾ ಬೆರೆಸಿದ ಹಸಿ ಸಿಲಿಕೋನ್ ಮಿಶ್ರಣ ಗೋದಾಮಿನಲ್ಲಿ ಸುಮ್ಮನೆ ಇಟ್ಟರೂ ದಿನದಿಂದ ದಿನಕ್ಕೆ ಬಿಗಿಯಾಗುತ್ತ ಹೋಗುತ್ತದೆ. ಕ್ರೇಪ್ ಹಾರ್ಡನಿಂಗ್ ಎನ್ನುವ ಈ ಪೀಡೆ ರಬ್ಬರ್ ಕಾರ್ಖಾನೆಯವರಿಗೆಲ್ಲ ಗೊತ್ತು. ಸಿಲಿಕಾವನ್ನು ಮೊದಲೇ ಹೆಕ್ಸಾಮೀಥೈಲ್ ಡೈಸಿಲಜೇನ್‌ನಂಥ ರಾಸಾಯನಿಕದಿಂದ ಉಪಚರಿಸಿ ಆ ಹೈಡ್ರಾಕ್ಸಿಲ್ ಗುಂಪುಗಳನ್ನು ಮುಚ್ಚಿದರೆ ಪೀಡೆ ಬಹಳಷ್ಟು ತಗ್ಗುತ್ತದೆ. ಪುಡಿ ಅದೇ, ಪ್ರಮಾಣ ಅದೇ. ಕಿಟಕಿಯ ಸಂದಿಗೆ ಹಚ್ಚುವ ಸಿಲಿಕೋನ್ ಸೀಲೆಂಟಿನಲ್ಲೂ ಹೀಗೇ: ಅದಕ್ಕೆ ಬೆರೆಸುವ ಕ್ಯಾಲ್ಸಿಯಂ ಕಾರ್ಬೊನೇಟ್ ರಸಾಯನದಲ್ಲಿ ನೋಡಿದರೆ ವಾಡಿ, ಸೇಡಂ ಕಡೆ ಸಿಮೆಂಟಿಗೆ ಅಗೆಯುವ ಸುಣ್ಣದಕಲ್ಲಿನದೇ ವಸ್ತು. ಒರಟಾಗಿ ಬೀಸಿದ ಸುಣ್ಣದಕಲ್ಲು ಬೆಲೆ ಇಳಿಸುತ್ತದೆ. ಸ್ಟಿಯರಿಕ್ ಆಮ್ಲ ಲೇಪಿಸಿದ ನುಣುಪು ಕಾರ್ಬೊನೇಟ್ ಸೀಲೆಂಟಿಗೆ ಕಸುವು ಕೊಡುತ್ತದೆ. ಡಬ್ಬಿಯ ಮೇಲೆ ಎರಡಕ್ಕೂ ಹೆಸರು ಒಂದೇ.

‘ಪುಡಿ ಕಲಬೆರಕೆ, ಅಚ್ಚ ಸಿಲಿಕೋನೇ ಶ್ರೇಷ್ಠ’ ಎನ್ನುವವರಿಗೆ ಉತ್ತರ ಚಿಕ್ಕದು. ಪುಡಿಯಿಲ್ಲದ ಸಿಲಿಕೋನ್ ರಬ್ಬರನ್ನು ಉಗುರಿನಿಂದ ಹರಿಯಬಹುದು; ಅದರ ಎಳೆತಾಳಿಕೆ ಒಂದು ಮೆಗಾಪಾಸ್ಕಲ್ ಕೂಡ ಮುಟ್ಟುವುದು ಕಷ್ಟ. ಒಳ್ಳೆಯ ಸಿಲಿಕಾ ಸೇರಿದರೆ ಅದು ಹತ್ತರ ಸಮೀಪ ಬರುತ್ತದೆ. ಎಟಿಎಚ್‌ನ ಕೆಲಸವಂತೂ ಬೇರೆಯೇ. ಕೊಳೆ ಹಿಡಿದು ತೇವವಾದ ಇನ್ಸುಲೇಟರಿನ ಮೇಲೆ ಸಣ್ಣ ಕಿಡಿಗಳು ಹಾರಾಡುವಾಗ ಆ ಜಾಗ ಕಾಯುತ್ತದೆ. ಸುಮಾರು 220 ಡಿಗ್ರಿಯಲ್ಲಿ ಎಟಿಎಚ್ ತನ್ನೊಳಗಿನ ನೀರನ್ನು ಬಿಟ್ಟುಕೊಡತೊಡಗುತ್ತದೆ. ಅದರ ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ನೀರು. ಆ ಆವಿಯಾಗುವಿಕೆ ಶಾಖವನ್ನು ನುಂಗುತ್ತದೆ, ಉಳಿದ ಅಲ್ಯೂಮಿನಾ ರಬ್ಬರಿಗೆ ಕವಚವಾಗುತ್ತದೆ. ಐಇಸಿ 60587 ಎಂಬ ಪರೀಕ್ಷೆಯಲ್ಲಿ 45 ಡಿಗ್ರಿ ಓರೆಯಾಗಿಟ್ಟ ತುಂಡಿನ ಮೇಲೆ ಅಮೋನಿಯಂ ಕ್ಲೋರೈಡ್ ನೀರು ಹರಿಸಿ ಆರು ಗಂಟೆ 2.5, 3.5 ಅಥವಾ 4.5 ಕಿಲೋವೋಲ್ಟ್ ಹಾಯಿಸುತ್ತಾರೆ. ಪುಡಿಯಿಲ್ಲದ ಅಚ್ಚ ಸಿಲಿಕೋನ್ ಇಲ್ಲಿ ಬೇಗ ಸವೆದು ಸೋಲುತ್ತದೆ. ಪುಡಿಯನ್ನು ದೂರುವವರು ಮೊದಲು ಈ ಪರೀಕ್ಷೆ ನೋಡಿ ಬರಬೇಕು.

ಹಾಗೆಂದು ಪುಡಿ ಹೆಚ್ಚಾದಷ್ಟೂ ಒಳ್ಳೆಯದೇ? ಇಲ್ಲಿ ಮತ್ತೆ ಪೊಳ್ಳುಗಳ ಲೆಕ್ಕ ಎದುರಾಗುತ್ತದೆ, ಈ ಸಲ ಮುಚ್ಚಬೇಕಾದ ಶತ್ರುವಾಗಿ ಅಲ್ಲ. ಪಿಂಗಾಣಿಗಿಂತ ಸಿಲಿಕೋನ್ ಮೇಲು ಎನಿಸಿಕೊಂಡಿರುವುದು ಒಂದು ಗುಣದಿಂದ: ಅದರ ಮೈಮೇಲೆ ನೀರು ಹರಡುವುದಿಲ್ಲ, ಹನಿಹನಿಯಾಗಿ ನಿಲ್ಲುತ್ತದೆ. ಧೂಳು ಕೂತ ಮೇಲೂ ಈ ಗುಣ ಹೋಗದು. ರಬ್ಬರಿನೊಳಗಿನ ಚಿಕ್ಕ ಸಿಲೋಕ್ಸೇನ್ ಅಣುಗಳು ಪೊಳ್ಳಿನಿಂದ ಪೊಳ್ಳಿಗೆ ದಾಟುತ್ತ ಮೇಲಕ್ಕೆ ಬಂದು ಧೂಳಿನ ಪದರವನ್ನೂ ತೋಯಿಸಿ, ಅದಕ್ಕೂ ನೀರನ್ನು ದೂರ ಇಡುವ ಗುಣ ಕೊಡುತ್ತವೆ. ಅಂದರೆ ಯಾವ ಪೊಳ್ಳನ್ನು ತುಂಬಿ ಮುಗಿಸಬೇಕೆಂದು ನ್ಯಾನೋ ಭಕ್ತರು ಹೊರಟಿದ್ದಾರೋ, ಇನ್ಸುಲೇಟರನ್ನು ಕಾಪಾಡುವ ಈ ಅಣುಗಳ ಎಣ್ಣೆಗೆ ಅದೇ ದಾರಿ. ಪುಡಿ ಮಿತಿಮೀರಿದರೆ ಎಣ್ಣೆ ಕೊಡುವ ರಬ್ಬರಿನ ಪಾಲು ಇಳಿಯುತ್ತದೆ, ಎಣ್ಣೆ ಸುತ್ತಿ ಬರಬೇಕಾದ ದಾರಿ ಉದ್ದವಾಗುತ್ತದೆ. ಉಪಚಾರವಿಲ್ಲದ ಎಟಿಎಚ್ ಆದರೆ ನೀರನ್ನು ಪ್ರೀತಿಸುವ ಅದರ ಮೈ ತೇವವನ್ನೂ ಒಳಕ್ಕೆ ಕರೆದುಕೊಳ್ಳುತ್ತದೆ.

ಪುಡಿ ಪೊಳ್ಳನ್ನು ಹೆಚ್ಚಿಸುವ ಪ್ರಸಂಗವೂ ಉಂಟು. 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮರ್ಕೆಲ್ ಮತ್ತು ಸಂಗಡಿಗರು ಪಾಲಿಮೀಥೈಲ್‌ಪೆಂಟೈನ್ ಎಂಬ ಬಿರುಸು ಪಾಲಿಮರಿಗೆ ಫ್ಯೂಮ್ಡ್ ಸಿಲಿಕಾ ಬೆರೆಸಿದ ಫಲವನ್ನು ಪ್ರಕಟಿಸಿದರು. ಅನಿಲ ಕಡಿಮೆ ಹಾಯುವ ಬದಲು ಹೆಚ್ಚು ಹಾಯಿತು. ಪಾಸಿಟ್ರಾನ್ ಅಳತೆಯಲ್ಲೂ ಪೊಳ್ಳು ದೊಡ್ಡದಾಗಿತ್ತು. ಬಿರುಸು ಸರಪಳಿಗಳ ನಡುವೆ ಕಣಗಳು ತೂರಿಕೊಂಡು ಅವುಗಳ ಒತ್ತೊತ್ತಾದ ಜೋಡಣೆಯನ್ನು ಕೆಡಿಸಿದ್ದವು. ಸಿಲಿಕೋನಿನಂಥ ಸಡಿಲ ಸರಪಳಿ ಕಣದ ಸುತ್ತ ಬೇಗ ಹೊಂದಿಕೊಳ್ಳುವುದರಿಂದ ಅಲ್ಲಿ ಈ ಬಗೆಯ ಹಿಗ್ಗುವಿಕೆಯನ್ನು ನಿರೀಕ್ಷಿಸಲಾಗದು. ಆದರೆ ಕಣಕ್ಕೂ ರಬ್ಬರಿಗೂ ನೆಂಟಸ್ತಿಕೆ ಕೂಡದಿದ್ದರೆ, ಅಥವಾ ಕಣಗಳು ಗುಂಪುಗಟ್ಟಿ ನಡುವೆ ರಬ್ಬರ್ ಇಳಿಯದಿದ್ದರೆ, ಅಲ್ಲಿ ಅಣುಮಟ್ಟದ ಪೊಳ್ಳಿಗಿಂತ ಎಷ್ಟೋ ದೊಡ್ಡ ಬಿರುಕು ಹುಟ್ಟುತ್ತದೆ. ತುಂಬಲೆಂದು ಹಾಕಿದ ಪುಡಿಯೇ ತೂತು ಮಾಡಿದಂತೆ. ಪುಡಿಯಿಂದ ಮುಕ್ತ ಗಾತ್ರ ಏರಬಹುದು, ಇಳಿಯಬಹುದು, ಇದ್ದಲ್ಲೇ ಇರಬಹುದು. ಇವುಗಳಲ್ಲಿ ಒಂದನ್ನು ಮಾತ್ರ ಸಾಮಾನ್ಯ ನಿಯಮವೆಂದು ಪಾಠ ಮಾಡುವುದು ತಪ್ಪು ಪಾಠ.

ನ್ಯಾನೋ ಪ್ರಚಾರಕ್ಕೆ ಇನ್ನೊಂದು ಕಾರಣದಿಂದಲೂ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲೇ ಉತ್ತರ ಸಿಗುತ್ತದೆ. ದಖ್ಖನ್ ಪ್ರಸ್ಥಭೂಮಿಯ ಎರೆಮಣ್ಣಿನ ಮುಖ್ಯ ಜೇಡಿಖನಿಜ ಸ್ಮೆಕ್ಟೈಟ್ ಕುಲದ್ದು. ಮಾಂಟ್‌ಮೊರಿಲೊನೈಟ್ ಅದೇ ಕುಲದ ಹೆಸರಾಂತ ಸದಸ್ಯ. ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಹಾಳೆಗಳು ಒಂದರ ಮೇಲೊಂದು ಕೂತ ಖನಿಜ ಇದು. ನೀರು ಸಿಕ್ಕರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆಳಂದದ ರೈತನಿಗೆ ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದು ಗೊತ್ತು. ಕಂಪನಿಗಳು ಇದೇ ಕುಲದ ಖನಿಜವನ್ನು ಶುದ್ಧಮಾಡಿ ‘ನ್ಯಾನೋಕ್ಲೇ’ ಎಂದು ಮಾರುತ್ತವೆ. ಇದರ ಹಾಳೆಗಳು ಬರೇ ಬೆರೆಸಿದರೆ ಸಿಲಿಕೋನಿನೊಳಗೆ ಬಿಚ್ಚಿಕೊಳ್ಳುವುದಿಲ್ಲ. ಮೊದಲು ಹಾಳೆಗಳ ನಡುವಿನ ಸೋಡಿಯಂ ತೆಗೆದು ಸಾವಯವ ಅಮೋನಿಯಂ ಅಯಾನುಗಳನ್ನು ಕೂರಿಸಬೇಕು. ಹೀಗೆ ಉಪಚರಿಸಿದ ಜೇಡಿಯನ್ನು ಸಿಲಿಕೋನಿನಲ್ಲಿ ಬಿಚ್ಚಿ ಹರಡಿದ ಪ್ರಯೋಗವನ್ನು 1995ರಲ್ಲಿ ಬರ್ನ್‌ಸೈಡ್ ಮತ್ತು ಜಿಯಾನೆಲಿಸ್ ಪ್ರಕಟಿಸಿದರು. ಮತ್ತೆ ಬಂದದ್ದು ಮೈಯ ಮಾತಿಗೇ. ಉಪಚಾರ ಮಾಡದ ಜೇಡಿಯೋ, ಕಬ್ಬಿನ ಸಿಪ್ಪೆಯ ಬೂದಿಯೋ ಶೇ. 5, 10, 15 ಹಾಕಿ ಗಡಸುತನದ ಗೆರೆ ಏರಿತೆಂದು ನಕ್ಷೆ ಬರೆದು, ‘ಮುಕ್ತ ಗಾತ್ರ ತುಂಬಿದ್ದರಿಂದ’ ಎಂದು ತೀರ್ಮಾನ ಬರೆಯುವ ಪ್ರಾಜೆಕ್ಟ್ ವರದಿಗಳಿಗೆ ಇನ್ನಾದರೂ ಅಂಕ ಕೊಡುವುದನ್ನು ನಿಲ್ಲಿಸಬೇಕು. ಆ ಗೆರೆ ಐನ್‌ಸ್ಟೈನ್ ಕಾಲದಿಂದಲೂ ಏರುತ್ತಲೇ ಇದೆ.

ಈ ಸೀಮೆಯ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಗಾಳಿಯೇ 42–43 ಡಿಗ್ರಿ ಮುಟ್ಟುತ್ತದೆ. ಬಿಸಿಲಿಗೆ ಒಡ್ಡಿದ ಬೂದು ರಬ್ಬರ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಸಿಲಿಕೋನಿನ ಗಾತ್ರ ಪ್ರತಿ ಡಿಗ್ರಿಗೆ ಹತ್ತು ಸಾವಿರದಲ್ಲಿ ಸುಮಾರು ಒಂಬತ್ತು ಭಾಗ ಹಿಗ್ಗುತ್ತದೆ. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬೇಸಿಗೆ ಮಧ್ಯಾಹ್ನದ 60 ಡಿಗ್ರಿಗೆ ಬಂದರೆ ಶೇ. 4, ಅದರಲ್ಲಿ ಬಹುಪಾಲು ಪೊಳ್ಳುಗಳು ಹಿಗ್ಗಿದ್ದರಿಂದಲೇ. ಎಟಿಎಚ್ ತನ್ನ ಕಾಲು ಶೇಕಡಾ ರಬ್ಬರಿನಲ್ಲಿ ಏನೇ ಮಾಡಲಿ, ಮೇ ತಿಂಗಳ ಸೂರ್ಯ ರಬ್ಬರಿನ ಇಡೀ ಮೈಯಲ್ಲಿ ಅದಕ್ಕಿಂತ ಹೆಚ್ಚು ಮಾಡುತ್ತಾನೆ. ಖನಿಜದ ಕಣ ಅಷ್ಟು ಹಿಗ್ಗುವುದಿಲ್ಲವಾದ್ದರಿಂದ ಕಣಕ್ಕೂ ರಬ್ಬರಿಗೂ ನಡುವಿನ ಅಂಟು ದಿನವೂ ಎಳೆದಾಟಕ್ಕೆ ಸಿಕ್ಕುತ್ತದೆ. ಆ ಅಂಟು ಹೇಗಿದೆ ಎಂಬುದನ್ನು ಶೇಕಡಾವಾರು ಹೇಳುವುದಿಲ್ಲ.

ಧೂಳಿನದು ಇನ್ನೂ ಸೂಕ್ಷ್ಮ ಸಂಗತಿ. ಜೋರು ಮಳೆ ಇನ್ಸುಲೇಟರನ್ನು ತೊಳೆಯುತ್ತದೆ. ಕೆಡುಕು ಮಾಡುವುದು ಮಂಜು, ಇಬ್ಬನಿ, ತುಂತುರು. ಬೇಸಿಗೆಯಿಡೀ ಕೂತ ಧೂಳು ಆಗ ಒದ್ದೆಯಾಗಿ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಪ್ರಯೋಗಶಾಲೆಯ ಕೃತಕ ಮಾಲಿನ್ಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಿಯುವುದು ಉಪ್ಪು ಬೆರೆಸಿದ ಕಯೋಲಿನ್ ಜೇಡಿ. ಅದರ ಮೈ ಗ್ರಾಂಗೆ 10ರಿಂದ 20 ಚದರ ಮೀಟರ್. ಮಾಂಟ್‌ಮೊರಿಲೊನೈಟಿಗೆ ಹಾಳೆಗಳ ಒಳಮೈಯನ್ನೂ ಎಣಿಸಿದರೆ 700ರ ಆಸುಪಾಸು. ರಬ್ಬರಿನಿಂದ ಮೇಲೆ ಬರುವ ಎಣ್ಣೆ ಇಷ್ಟು ಬೇರೆಯಾದ ಎರಡು ಧೂಳುಗಳನ್ನು ಒಂದೇ ವೇಗದಲ್ಲಿ ತೋಯಿಸುತ್ತದೆ ಎಂದು ನಂಬಲು ಕಾರಣವಿಲ್ಲ. ಕಯೋಲಿನ್ ಮೇಲೆ ಪಾಸಾದ ರಬ್ಬರ್ ಅಫಜಲಪುರದ ಎರೆಧೂಳಿನ ಮೇಲೂ ಪಾಸಾಗುತ್ತದೆಯೇ ಎಂಬುದು ಪುಡಿ ಶೇ. 40 ಇದೆಯೋ 45 ಇದೆಯೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಆಗಬೇಕಾದ ಕೆಲಸ ದುಬಾರಿಯದಲ್ಲ. 2002ರಲ್ಲಿ ಹುಟ್ಟಿದ ಜೆಸ್ಕಾಂ ಈ ಭಾಗದ ವಿದ್ಯುತ್ ವಿತರಣಾ ಕಂಪನಿ; ಇನ್ಸುಲೇಟರ್ ಕೊಳ್ಳುವಾಗ ಅದು ಪುಡಿಯ ಪ್ರಮಾಣವನ್ನು ಗಾತ್ರದ ಲೆಕ್ಕದಲ್ಲೂ ಕೇಳಲಿ, ಕಣದ ಅಳತೆ ಮತ್ತು ಮೈಗೆ ಮಾಡಿದ ಉಪಚಾರವನ್ನು ಬರೆಸಿಕೊಳ್ಳಲಿ, ನೀರು ದೂರ ಇಡುವ ಗುಣ ಕಳೆದ ಮೇಲೆ ಎಷ್ಟು ಗಂಟೆಯಲ್ಲಿ ಮರಳುತ್ತದೆ ಎಂಬ ಅಂಕಿಯನ್ನು ಸ್ಥಳೀಯ ಧೂಳಿನ ಮೇಲೆಯೇ ಪಡೆಯಲಿ. ಪರೀಕ್ಷೆಗೆ ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಪೊಳ್ಳು ಅಳೆಯುವ ವಿದ್ಯೆ ಮೈಸೂರಿನಲ್ಲಿ ಬೆಳೆದಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಅದರ ಸುತ್ತಲೂ ಎರೆಮಣ್ಣಿದೆ. ಕಂಬದ ಮೇಲೆ ಹತ್ತು ಬೇಸಿಗೆ ಕಂಡ ಇನ್ಸುಲೇಟರನ್ನು ಬದಲಿಸಿದಾಗ ಜೆಸ್ಕಾಂ ಗುಜರಿಗೆ ಹಾಕದೆ ಅಲ್ಲಿನ ಭೌತಶಾಸ್ತ್ರ, ರಸಾಯನಶಾಸ್ತ್ರ ವಿದ್ಯಾರ್ಥಿಗಳಿಗೆ ಕೊಡಲಿ.